ಮಂಗಳೂರಿನ ಒಂದು ರಕ್ತರೋಗ ಡೇ ಕೇರ್: ಎಂಟು ತಿಂಗಳು ಹೋಗಿ ಬಂದ ಮೇಲೆ

ನಮ್ಮದು ಬದಿಯಡ್ಕದ ಹತ್ತಿರ. ತಮ್ಮನಿಗೆ 24 ವರ್ಷ, ಅಪ್ಲಾಸ್ಟಿಕ್ ಅನೀಮಿಯಾ. ಅವನನ್ನು ಕರೆದುಕೊಂಡು ಹೋಗುವ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ದೂರುವ ವಿಷಯವೂ ಇದೆ.

ಶುರುವಿನಲ್ಲಿ ಊರಲ್ಲೇ ಎರಡು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟೆವು. ನುಗ್ಗೆಸೊಪ್ಪು, ಬೀಟ್‌ರೂಟ್ ಎಲ್ಲ ಆಯ್ತು. ರಕ್ತ ಕಡಿಮೆ ಅಂದ್ರೆ ಕಬ್ಬಿಣ ಕಡಿಮೆ ಅಂತ ತಾನೇ ನಾವೆಲ್ಲ ತಿಳಿದಿರುವುದು? ಒಸಡಿನಲ್ಲಿ ರಕ್ತ ಬಂದು, ಕಾಲಿನ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಎದ್ದ ಮೇಲೆ ಹೆದರಿ ಮಂಗಳೂರಿಗೆ ಓಡಿದೆವು.

ಅಲ್ಲಿನ ಡಾಕ್ಟರಿಗೆ ನಾನು ಯಾವತ್ತೂ ಋಣಿ. ಅಮ್ಮನ ಎದುರು ಕೂತು ತುಳುವಿನಲ್ಲೇ ವಿವರಿಸಿದರು. ರಕ್ತ ತಯಾರಾಗುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ, ಅಲ್ಲಿನ ಮೂಲಕೋಶಗಳನ್ನು ಇವನ ಮೈಯನ್ನು ಕಾಯಬೇಕಾದ ಬಿಳಿ ಕಣಗಳೇ ಹೊಡೆಯುತ್ತಿವೆ, ಅದಕ್ಕೇ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿದಿವೆ, ಇದು ಕ್ಯಾನ್ಸರ್ ಅಲ್ಲ ಎಂದರು. ಸೊಂಟದ ಎಲುಬಿನಿಂದ ತೆಗೆದ ಮಜ್ಜೆಯ ರಿಪೋರ್ಟಿನಲ್ಲೂ ಕಣಗಳಿರಬೇಕಾದ ಜಾಗದಲ್ಲಿ ಹೆಚ್ಚಿನಂಶ ಕೊಬ್ಬೇ ಇತ್ತು.

ಈ ವಯಸ್ಸಿನವರಿಗೆ ಒಡಹುಟ್ಟಿದವರ ಮಜ್ಜೆ ಕಸಿ ಮೊದಲ ಆಯ್ಕೆ. ಒಬ್ಬೊಬ್ಬರದು ಹೊಂದುವ ಸಾಧ್ಯತೆ 4ರಲ್ಲಿ 1. ಅವನಿಗೆ ನಾನೊಬ್ಬಳೇ ಅಕ್ಕ, ನನ್ನದು ಹೊಂದಲಿಲ್ಲ. ಆ ದಿನ ಮೆಟ್ಟಿಲ ಮೇಲೆ ಕೂತು ಅತ್ತದ್ದು ನೆನಪಿದೆ.

ಆಮೇಲೆ ಮಜ್ಜೆಯನ್ನು ಹೊಡೆಯುವ ಆ ಬಿಳಿ ಕಣಗಳನ್ನು ಅಡಗಿಸಲು ಎಟಿಜಿ ಕೊಟ್ಟರು. ಕುದುರೆಯಿಂದ ತಯಾರಿಸುವ ಮದ್ದು, 4 ದಿನ ಡ್ರಿಪ್. ನಡುಕ, ಜ್ವರ ಬಂತು, ನರ್ಸ್ ಪಕ್ಕದಿಂದ ಕದಲಲಿಲ್ಲ. ಜೊತೆಗೆ ಅದೇ ಕೆಲಸಕ್ಕೆ ಸೈಕ್ಲೋಸ್ಪೊರಿನ್, ಮಜ್ಜೆಯಲ್ಲಿ ಕಣಗಳು ಹುಟ್ಟಲು ಎಲ್ಟ್ರೊಂಬೊಪ್ಯಾಗ್ ಮಾತ್ರೆ. ಎಲ್ಟ್ರೊಂಬೊಪ್ಯಾಗನ್ನು ಹಾಲು, ಮೊಸರಿನ ಜೊತೆ ಕೊಡಬಾರದು. ಸೈಕ್ಲೋಸ್ಪೊರಿನ್ ಇರುವವರು ಚಕ್ಕೋತ ತಿನ್ನಬಾರದು, ರಕ್ತದಲ್ಲಿ ಮದ್ದಿನ ಪ್ರಮಾಣ ಏರುತ್ತದೆ. ನಮ್ಮ ಅಂಗಳದಲ್ಲೇ ಚಕ್ಕೋತದ ಮರ ಇದೆ, ಅವರು ಕೇಳಿ ಹೇಳದಿದ್ದರೆ ದಿನಾ ಸುಲಿದು ಕೊಡುತ್ತಿದ್ದೆವು! ಫಲ ಕಾಣಲು 3ರಿಂದ 6 ತಿಂಗಳು ಬೇಕು ಎಂದು ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಎರಡನೇ ತಿಂಗಳಿಗೇ ನಾವು ಆಸೆ ಬಿಡುತ್ತಿದ್ದೆವು.

ಮಾವ ರಕ್ತ ಕೊಡಲು ಬಂದಾಗ ಬೇಡ ಎಂದರು. ಮುಂದೆ ಕಸಿ ಮಾಡಬೇಕಾದರೆ ಮನೆಯವರ ರಕ್ತ ತೊಂದರೆ ಮಾಡಬಹುದಂತೆ.

ಈಗ ದೂರು. ಕಾಯುವ ಜಾಗ ಸರಿಯಿಲ್ಲ. ಸೋಂಕು ತಡೆಯುವ ಬಿಳಿ ಕಣ ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇರುವ ಹುಡುಗನನ್ನು ಕೆಮ್ಮುವವರ ಸಾಲಿನಲ್ಲೇ ಕೂರಿಸುತ್ತಾರೆ. ಬಸ್ಸಿನ ಗದ್ದಲ ಬೇಡ ಎಂದು ಡಾಕ್ಟರ್ ಹೇಳಿದ್ದಕ್ಕೆ ಪಕ್ಕದ ಮನೆಯವರ ಓಮ್ನಿಯಲ್ಲಿ ತಲಪಾಡಿ ದಾಟಿ ಬಂದವರು ನಾವು. ಬಂದು ಅದೇ ಗದ್ದಲದಲ್ಲಿ ಕೂರುವುದಾ? ಕೌಂಟರಿನಲ್ಲಿ ಮೂರು ಸಲ ಹೇಳಿದೆ, ಆಗ್ಲಿ ಎಂದರು, ಇವತ್ತಿಗೂ ಆಗಿಲ್ಲ. ಒಂದು ಪ್ರತ್ಯೇಕ ಕೋಣೆ ಕೊಡಲು ಎಷ್ಟು ಕಷ್ಟ?

ಪ್ಲೇಟ್‌ಲೆಟ್‌ಗೂ ಕಾಯಬೇಕು. ಒಮ್ಮೆ ಬೆಳಿಗ್ಗೆ 9ಕ್ಕೆ ತಲುಪಿದವರಿಗೆ ಸಂಜೆ 5ಕ್ಕೆ ಸಿಕ್ಕಿತು. ಅದನ್ನು ಫ್ರಿಜ್ಜಿನಲ್ಲಿಡದೆ ಅಲುಗಾಡಿಸುತ್ತಲೇ ಇಡಬೇಕು, ಸುಮಾರು 5 ದಿನ ಮಾತ್ರ ಬಾಳಿಕೆ, ಅದಕ್ಕೇ ದಾಸ್ತಾನು ಜಾಸ್ತಿ ಇರುವುದಿಲ್ಲ ಎಂದು ನರ್ಸ್ ಹೇಳಿದರು. ಗಂಜಿತಿಳಿಯಂತೆ ಮಬ್ಬು ಹಳದಿ ಇರುವ ಆ ಚೀಲ ನೇತುಬಿದ್ದ ಮೇಲೆಯೇ ಅಮ್ಮ ಊಟದ ಡಬ್ಬಿ ತೆರೆದದ್ದು. ನೀವು ಹೋಗುವುದಾದರೆ ಹಿಂದಿನ ದಿನವೇ ಫೋನ್ ಮಾಡಿ.

5ಕ್ಕೆ 4 ಸ್ಟಾರ್ ಕೊಡುತ್ತೇನೆ. ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ ಎಂದು ಅವರು ಒಂದು ನಂಬರ್ ಕೊಟ್ಟಿದ್ದರು. ಮಳೆಗಾಲದ ಒಂದು ರಾತ್ರಿ ಒಂದೂವರೆಗೆ ಅದಕ್ಕೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ನಾವು ಮುಟ್ಟುವ ಹೊತ್ತಿಗೆ ಬೆಡ್ಡೂ ಇಂಜೆಕ್ಷನ್ನೂ ರೆಡಿ ಇತ್ತು.