ಕಾರ್ಪೆಟ್ ಚಿಗಟಕ್ಕೆ ಹೊಡೆಯೋ ಸ್ಪ್ರೇ: ಎರಡು ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ

ಎರಡು ತಿಂಗಳು ಕಾದು ಈಗ ಬರೀತಿದೀನಿ, ಬೇಕಂತಲೇ ಕಾದೆ. ಯಾಕಂದ್ರೆ ಈ ಥರ ಸ್ಪ್ರೇ ತಗೊಂಡೋರು ಬಹಳ ಜನ ಹತ್ತು ಹನ್ನೆರಡು ದಿನಕ್ಕೇ ಒಂದು ಸ್ಟಾರ್ ಕೊಟ್ಟು ಹೋಗಿಬಿಡ್ತಾರೆ, ಮೊದಲು ಕಮ್ಮಿ ಆಯ್ತು ಆಮೇಲೆ ಮತ್ತೆ ಬಂತು ದುಡ್ಡು ದಂಡ ಅಂತ. ನಾನು ಹತ್ತನೇ ದಿನ ಬರೆದಿದ್ರೆ ನಂದೂ ಅದೇ ಮಾತು ಇರ್ತಿತ್ತು. ಈಗ ನಾಲ್ಕು ಸ್ಟಾರ್ ಕೊಡ್ತಿದೀನಿ. ಒಂದು ಕಟ್ ಮಾಡಿರೋದು ಡಬ್ಬಿ ಮೇಲೆ ಬರೆದಿರೋ ರೀತಿಗೆ ಮತ್ತೆ ಅದರ ನಾಝಲ್‌ಗೆ, ಒಳಗಿರೋ ಔಷಧಿಗಲ್ಲ.

ನಮ್ಮನೇಲಿ ಒಂದು ನಾಯಿ ಇದೆ. ಕೆರ್ಕೊಳ್ಳೋದು ಜಾಸ್ತಿ ಆಗಿತ್ತು, ಚರ್ಮ ಒಣಗಿರಬೇಕು ಅಂತ ಸುಮ್ಮನಿದ್ವಿ. ಆಮೇಲೆ ಮಗಳ ಕಾಲಲ್ಲಿ, ಪಾದದಿಂದ ಸ್ವಲ್ಪ ಮೇಲೆ ಗಿಣ್ಣಿನ ಸುತ್ತ, ಸಣ್ಣ ಸಣ್ಣ ಕೆಂಪು ಗುಳ್ಳೆ, ಎರಡು ಮೂರು ಒಟ್ಟೊಟ್ಟಿಗೆ. ಸೊಳ್ಳೆ ಅಂದ್ಕೊಂಡೆ. ಆದ್ರೆ ಸೊಳ್ಳೆ ಆಗಿದ್ರೆ ಕೈಗೂ ಕುತ್ತಿಗೆಗೂ ಕಚ್ಚಬೇಕಲ್ವಾ, ಮೊಣಕಾಲಿಂದ ಮೇಲೆ ಒಂದೂ ಇಲ್ಲ. ಅವಳು ದಿನಾ ಆಟ ಆಡೋದು ಹಾಲ್‌ನಲ್ಲಿರೋ ಕಾರ್ಪೆಟ್ ಮೇಲೆ, ನಾಯಿ ಮಲಗೋದೂ ಅಲ್ಲೇ. ಅವತ್ತು ನನಗೆ ಅನುಮಾನ ಬಂತು.

ಬಿಳಿ ಸಾಕ್ಸ್ ಮೊಣಕಾಲ ತನಕ ಎಳ್ಕೊಂಡು ಕಾರ್ಪೆಟ್ ಮೇಲೆ ನಿಧಾನಕ್ಕೆ ಕಾಲು ಎಳೀತಾ ಐದು ನಿಮಿಷ ಓಡಾಡಿದೆ. ಸೋಫಾ ಪಕ್ಕ ನಿಂತಾಗ ಎಳ್ಳಿಗಿಂತ ಸಣ್ಣದು, ಕಂದು ಬಣ್ಣದ್ದು, ಟಪ್ ಅಂತ ಸಾಕ್ಸ್ ಮೇಲೆ ಬಂದು ಕೂತ್ಕೊಳ್ತು. ನೋಡ್ತಾ ಇದ್ದ ಹಾಗೇ ಇನ್ನೊಂದು, ಮತ್ತೊಂದು. ಒಟ್ಟು ಹನ್ನೊಂದು ಎಣಿಸಿದೆ. ಆಮೇಲೆ ನಾಯಿಗೆ ಹೇನಿನ ಬಾಚಣಿಗೆ ಥರದ ಹತ್ತಿರ ಹಲ್ಲಿನ ಬಾಚಣಿಗೆ ಹಾಕಿ ಬಾಚಿದ್ರೆ ಮೆಣಸಿನ ಪುಡಿ ಥರ ಕಪ್ಪು ಹುಡಿ ಉದುರ್ತು. ಅದನ್ನ ಒದ್ದೆ ಟಿಶ್ಯೂ ಮೇಲೆ ಹಾಕಿ ಒಂದು ನಿಮಿಷ ಬಿಟ್ಟೆ, ಒಂದೊಂದು ಚುಕ್ಕೆ ಸುತ್ತಲೂ ಕೆಂಪಗೆ, ತುಕ್ಕಿನ ಬಣ್ಣ ಹರಡ್ಕೊಂಡ್ತು. ಮಣ್ಣಾಗಿದ್ರೆ ಹಾಗೆ ಆಗಲ್ಲ. ಅದು ಚಿಗಟದ ಹಿಕ್ಕೆ, ಅಂದ್ರೆ ನಮ್ಮ ನಾಯಿ ರಕ್ತ ಕುಡಿದು ಹೊರಗೆ ಹಾಕಿರೋ ಒಣಗಿದ ರಕ್ತ. ಕಾರ್ಪೆಟ್ ಒಳಗಿರೋ ಮರಿಹುಳಗಳಿಗೆ ಅದೇ ಊಟ ಅಂತ ನಾಯಿ ಡಾಕ್ಟರ್ ಹೇಳಿದ ಮೇಲೆ ಗೊತ್ತಾಗಿದ್ದು.

ಮೊದಲು ತಂದಿದ್ದು ಪೌಡರ್. ಕಾರ್ಪೆಟ್ ಮೇಲೆ ಉದುರಿಸಿ ಬ್ರಷ್ ಹಾಕಿ ತಿಕ್ಕಿ ಬಿಟ್ವಿ, ಮನೆ ತುಂಬ ಧೂಳು, ಮಗಳಿಗೆ ಕೆಮ್ಮು ಶುರುವಾಯ್ತು, ವ್ಯಾಕ್ಯೂಮ್ ಫಿಲ್ಟರ್ ಕಟ್ಕೊಂಡು ನಿಂತೇ ಹೋಯ್ತು. ಆ ಥರದ ಪುಡಿ ಕೆಲಸ ಮಾಡೋದು ಹುಳದ ಮೈ ಒಣಗಿಸಿ, ಮಳೆಗಾಲದ ಥೇವದಲ್ಲಿ ಅದರ ಶಕ್ತಿ ಕುಂದುತ್ತೆ, ಚಿಗಟಕ್ಕೆ ಮಾತ್ರ ಅದೇ ಥೇವ ಹಬ್ಬ. ಅದಾದ ಮೇಲೆ ರೂಮ್ ಮಧ್ಯ ಇಟ್ಟು ಮುಚ್ಚಳ ಒತ್ತಿ ಬಾಗಿಲು ಹಾಕ್ಕೊಂಡು ಹೋಗೋ ಹೊಗೆ ಡಬ್ಬಿ ಟ್ರೈ ಮಾಡಿದ್ವಿ. ಅದರ ಮಂಜು ಮೇಲಿಂದ ಕೆಳಗೆ ಇಳಿದು ತೆರೆದಿರೋ ಜಾಗದಲ್ಲಿ ಕೂರುತ್ತೆ, ಸೋಫಾ ಅಡಿಗೆ ಮಂಚದ ಅಡಿಗೆ ಹೋಗೋದೇ ಇಲ್ಲ. ಚಿಗಟದ ಮರಿ ಇರೋದು ಅಲ್ಲೇ, ಯಾಕಂದ್ರೆ ಅವುಗಳಿಗೆ ಬೆಳಕು ಆಗಲ್ಲ. ಕರೆಂಟ್ ಪ್ಲಗ್‌ಗೆ ಸಿಗಿಸೋ ಸೌಂಡ್ ಮಷೀನ್ ಬಗ್ಗೆ ಹೇಳೋಕೇ ಹೋಗಲ್ಲ, ದಯವಿಟ್ಟು ತಗೋಬೇಡಿ.

ಮೂರನೇದು ಈ ಸ್ಪ್ರೇ. ತಗೊಳ್ಳೋ ಮುಂಚೆ ಡಬ್ಬಿ ಹಿಂದೆ ನೋಡಿ, ಎರಡು ಥರದ ಔಷಧಿ ಇರ್ಬೇಕು. ಒಂದು ದೊಡ್ಡ ಚಿಗಟ ಕೊಲ್ಲೋದು, ನಾನು ತಂದಿದ್ರಲ್ಲಿ ಪರ್ಮೆಥ್ರಿನ್. ಇನ್ನೊಂದು ಬೆಳವಣಿಗೆ ತಡೆಯೋದು, ಇದರಲ್ಲಿ ಪೈರಿಪ್ರಾಕ್ಸಿಫೆನ್, ಕೆಲವದರಲ್ಲಿ ಮೆಥೋಪ್ರೀನ್ ಇರುತ್ತೆ. ಈ ಎರಡನೇದು ಇಲ್ಲ ಅಂದ್ರೆ ಆ ಡಬ್ಬಿ ವಾಪಸ್ ಇಟ್ಟುಬಿಡಿ. ಅದು ದೊಡ್ಡ ಚಿಗಟಕ್ಕೆ ಏನೂ ಮಾಡಲ್ಲ, ಮೊಟ್ಟೆ ಒಡೆಯದ ಹಾಗೆ, ಮರಿಹುಳ ಗೂಡು ಕಟ್ಟಿ ದೊಡ್ಡದಾಗದ ಹಾಗೆ ತಡೆಯುತ್ತೆ. ಮೆಥೋಪ್ರೀನ್ ಬಿಸಿಲು ಬಿದ್ರೆ ಬೇಗ ಹಾಳಾಗುತ್ತೆ, ಪೈರಿಪ್ರಾಕ್ಸಿಫೆನ್ ಬಿಸಿಲಿಗೆ ತಡ್ಕೊಳ್ಳುತ್ತೆ. ನಮ್ಮ ಹಾಲ್‌ಗೆ ಕಿಟಕಿಯಿಂದ ಬಿಸಿಲು ಚೆನ್ನಾಗಿ ಬರೋದ್ರಿಂದ ಡಾಕ್ಟರ್ ಅದನ್ನೇ ಹುಡುಕಿ ತಗೊಳ್ಳಿ ಅಂದ್ರು.

ಇದು ಯಾಕೆ ಅಷ್ಟು ಮುಖ್ಯ ಅಂದ್ರೆ, ಕಣ್ಣಿಗೆ ಕಾಣೋ ದೊಡ್ಡ ಚಿಗಟ ಅನ್ನೋದು ಮನೇಲಿರೋ ಒಟ್ಟು ಚಿಗಟದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಉಳಿದಿದ್ದರಲ್ಲಿ ಅರ್ಧದಷ್ಟು ಮೊಟ್ಟೆ, ಆಮೇಲೆ ಮರಿಹುಳ, ಆಮೇಲೆ ಗೂಡೊಳಗಿರೋವು, ಎಲ್ಲಾ ಕಾರ್ಪೆಟ್ ನೂಲಿನ ಬುಡದಲ್ಲಿ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ತನಕ ಇಡುತ್ತೆ, ಇಡೋದು ನಾಯಿ ಮೈಮೇಲೆ, ಆದ್ರೆ ಮೊಟ್ಟೆ ನುಣ್ಣಗಿರೋದ್ರಿಂದ ಕೂದಲಿಗೆ ಅಂಟಲ್ಲ, ನಾಯಿ ಎಲ್ಲೆಲ್ಲಿ ಮಲಗುತ್ತೋ ಮೈ ಒದರುತ್ತೋ ಅಲ್ಲೆಲ್ಲ ಉದುರುತ್ತೆ. ನಾನು ಒಂದು ದಿನ ವ್ಯಾಕ್ಯೂಮ್ ಡಬ್ಬದ ಧೂಳನ್ನ ಕಪ್ಪು ಹಾಳೆ ಮೇಲೆ ಸುರಿದು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಪುಡಿ ಉಪ್ಪಿನ ಕಾಳಿನ ಥರ ಬೆಳ್ಳಗೆ ಮೊಟ್ಟೆ, ಮಧ್ಯ ಮಧ್ಯ ದಾರದ ಎಳೆ ಥರ ಒಂದೊಂದು ಮರಿಹುಳ, ಟಾರ್ಚ್ ಬೆಳಕು ಬಿದ್ದ ತಕ್ಷಣ ಸುರುಳಿ ಸುತ್ಕೊಂಡು ಕೂದಲ ಉಂಡೆ ಕೆಳಗೆ ನುಗ್ಗೋದಕ್ಕೆ ನೋಡ್ತಿದ್ವು. ನನ್ನ ಮಗು ಈ ಕಾರ್ಪೆಟ್ ಮೇಲೆ ಮುಖ ಇಟ್ಟು ಮಲಗ್ತಿತ್ತಲ್ಲ ಅಂತ ಹೊಟ್ಟೆ ಹಿಂಡಿದ ಹಾಗಾಯ್ತು.

ಸ್ಪ್ರೇ ಹೊಡೆದ ದಿನ ಹೇಳ್ತೀನಿ. ಮೊದಲು ಪೂರ್ತಿ ವ್ಯಾಕ್ಯೂಮ್, ಸೋಫಾ ಸರಿಸಿ, ಗೋಡೆ ಅಂಚು, ಕುಶನ್ ಸಂದಿ, ಎಲ್ಲಾ. ನಾಯಿ ಹಾಸಿಗೆ, ನಮ್ಮ ಹೊದಿಕೆ, ದಿಂಬಿನ ಕವರ್ ಎಲ್ಲಾ 60 ಡಿಗ್ರಿ ಬಿಸಿನೀರಿನಲ್ಲಿ ಮಷೀನ್‌ಗೆ ಹಾಕಿದ್ವಿ. ನಾಯಿ, ಮಗಳು ಇಬ್ಬರನ್ನೂ ಹೊರಗೆ ಕಳಿಸಿ, ಮೀನಿನ ತೊಟ್ಟಿಯ ಪಂಪ್ ಆಫ್ ಮಾಡಿ ಮೇಲೆ ಪ್ಲಾಸ್ಟಿಕ್ ಹೊದಿಸಿ ಸುತ್ತ ಟೇಪ್ ಹಾಕಿದೆ, ಪರ್ಮೆಥ್ರಿನ್ ಮೀನಿಗೆ ಬಹಳ ಕೆಟ್ಟದ್ದು. ಬೆಕ್ಕಿಗೂ ಕೆಟ್ಟದ್ದು, ಬೆಕ್ಕಿನ ಮೈ ಅದನ್ನ ಅರಗಿಸ್ಕೊಳ್ಳಲ್ಲ, ಹಾಗಾಗಿ ಬೆಕ್ಕಿರೋರು ದಯವಿಟ್ಟು ಡಾಕ್ಟರ್‌ನ ಕೇಳಿಯೇ ತಗೊಳ್ಳಿ, ನಾಯಿ ಬೆನ್ನಿಗೆ ಹಾಕೋ ಪರ್ಮೆಥ್ರಿನ್ ಡ್ರಾಪ್ಸ್ ಅಂತೂ ಬೆಕ್ಕಿಗೆ ಹಾಕ್ಲೇಬಾರದು, ಜೀವಕ್ಕೇ ಅಪಾಯ. ಮಾಸ್ಕ್, ಗ್ಲೌಸ್ ಹಾಕ್ಕೊಂಡು ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಬರ್ತಾ ತೆಳ್ಳಗೆ ಹೊಡೆದೆ. ಕಾರ್ಪೆಟ್ ಒದ್ದೆಮುದ್ದೆ ಆಗೋ ಥರ ಅಲ್ಲ, ಕೈಗೆ ಸ್ವಲ್ಪ ಥೇವ ಗೊತ್ತಾಗೋ ಅಷ್ಟು. ಪೂರ್ತಿ ಒಣಗೋ ತನಕ ಯಾರನ್ನೂ ಒಳಗೆ ಬಿಡಲಿಲ್ಲ, ಆಮೇಲೆ ಕಿಟಕಿ ತೆಗೆದು ಗಾಳಿ ಆಡಿಸಿದ್ವಿ. ವಾಸನೆ ಒಂದು ದಿನ ಇತ್ತು ಅಷ್ಟೆ, ಕಲೆ ಆಗ್ಲಿಲ್ಲ. ಆದ್ರೂ ನೀವು ಸೋಫಾ ಅಡಿ ಕಾಣದ ಜಾಗದಲ್ಲಿ ಸ್ವಲ್ಪ ಹೊಡೆದು ನೋಡಿ.

ಅವತ್ತೇ ನಾಯಿಗೆ ಡಾಕ್ಟರ್ ಕೊಟ್ಟ ಮಾತ್ರೆ. ಇದನ್ನ ಬಿಟ್ಟು ಬರೀ ಕಾರ್ಪೆಟ್‌ಗೆ ಹೊಡೆದ್ರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಮೊದಲ ನಾಲ್ಕೈದು ದಿನ ಅದ್ಭುತ. ಸಾಕ್ಸ್ ಹಾಕ್ಕೊಂಡು ಓಡಾಡಿದ್ರೆ ಒಂದೂ ಇಲ್ಲ, ನಾಯಿ ರಾತ್ರಿ ಪೂರ್ತಿ ಮಲಗ್ತು. ಎಂಟನೇ ದಿನ ಎರಡು. ಹತ್ತನೇ ದಿನ ಒಂಬತ್ತು. ನಮ್ಮನೆಯವರು "ಇದನ್ನೂ ಎತ್ತಿ ಬಿಸಾಕು, ಕಾರ್ಪೆಟ್ಟೇ ತೆಗೆದುಬಿಡೋಣ" ಅಂದ್ರು. ನನಗೆ ಅಳು ಬರೋದೊಂದು ಬಾಕಿ. ಇನ್ನೊಂದು ಡಬ್ಬಿ ತಂದು ಮತ್ತೆ ಪೂರ್ತಿ ಹೊಡೆಯೋಣ ಅಂತ ಹೊರಟೋಳು ಒಂದು ಸಲ ಡಾಕ್ಟರ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಕಾಣಿಸ್ಕೊಂಡಿರೋವು ಸಣ್ಣಗೆ ಕಪ್ಪಗಿವೆಯಾ, ಇಲ್ಲ ಹೊಟ್ಟೆ ಊದಿ ಕೆಂಪಗಿವೆಯಾ?" ಸಾಕ್ಸ್ ಮೇಲಿದ್ದಿದ್ದು ಸಣ್ಣವು, ಚಪ್ಪಟೆ. "ಹಾಗಾದ್ರೆ ಅವು ಇನ್ನೂ ರಕ್ತ ಕುಡಿದಿಲ್ಲ, ಗೂಡಿಂದ ಈಗ ಹೊರಗೆ ಬಂದಿರೋವು, ಬರಲಿ ಬಿಡಿ, ಬಂದಷ್ಟೂ ಒಳ್ಳೇದು" ಅಂದ್ರು.

ವಿಷಯ ಏನಂದ್ರೆ, ಮರಿಹುಳ ದೊಡ್ಡದಾಗೋ ಮುಂಚೆ ರೇಷ್ಮೆ ಹುಳದ ಥರ ಗೂಡು ಕಟ್ಕೊಳ್ಳುತ್ತೆ. ಆ ಗೂಡು ಅಂಟಂಟು, ಅದಕ್ಕೆ ಧೂಳು, ಕಾರ್ಪೆಟ್ ನೂಲು ಎಲ್ಲ ಮೆತ್ಕೊಂಡು ಕಾಣಿಸೋದೇ ಇಲ್ಲ, ಅದರೊಳಗೆ ಯಾವ ಸ್ಪ್ರೇನೂ ಸರಿಯಾಗಿ ಇಳಿಯಲ್ಲ. ಒಳಗೆ ಪೂರ್ತಿ ಬೆಳೆದ ಚಿಗಟ ತಯಾರಾಗಿ ಕೂತಿರುತ್ತೆ, ಹತ್ತಿರ ಪ್ರಾಣಿ ಇಲ್ಲ ಅಂದ್ರೆ ತಿಂಗಳುಗಟ್ಟಲೆ ಹಾಗೇ ಇರುತ್ತೆ. ನೆಲ ಅದುರಿದ್ದು, ಮೈ ಶಾಖ, ಉಸಿರಿನ ಗಾಳಿ, ಇಂಥದ್ದು ಗೊತ್ತಾದ ತಕ್ಷಣ ಹೊರಗೆ ನೆಗೆಯುತ್ತೆ. ತಿಂಗಳು ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡ್ಲೆ ಒಟ್ಟಿಗೆ ಮುತ್ಕೊಳ್ಳೋದು ಇದಕ್ಕೇ. ನಾವು ಸ್ಪ್ರೇ ಹೊಡೆಯೋ ಮುಂಚೆನೇ ಕಟ್ಟಿದ್ದ ಗೂಡುಗಳು ಈಗ ಒಂದೊಂದಾಗಿ ಒಡೀತಿವೆ, ಹೊಸ ಮೊಟ್ಟೆ ಮಾತ್ರ ಮರಿ ಆಗ್ತಿಲ್ಲ. ಈ ಒಡೆಯೋದು ಮೂರರಿಂದ ಐದು ವಾರ ನಡೆಯುತ್ತೆ, ಕೆಲವು ಮನೇಲಿ ಅದಕ್ಕಿಂತ ಜಾಸ್ತಿ. ಈ ಒಂದು ಮಾತು ಡಬ್ಬಿ ಮುಂದೆ ದೊಡ್ಡಕ್ಷರದಲ್ಲಿ ಇರಬೇಕಿತ್ತು. ಮುಂದೆ ಬರೆದಿರೋದು "ತಕ್ಷಣ ಪರಿಹಾರ". ಎರಡು ವಾರ ಚಿಗಟ ಕಾಣಿಸಬಹುದು ಅನ್ನೋದು ಹಿಂದೆ, ಬಾರ್‌ಕೋಡ್ ಕೆಳಗೆ, ಭೂತಗನ್ನಡಿ ಇಟ್ಟು ಓದೋ ಸೈಜಲ್ಲಿ. ಒಂದು ಸ್ಟಾರ್ ಕಟ್ ಮಾಡಿದ್ದು ಮುಖ್ಯವಾಗಿ ಇದಕ್ಕೆ. ಇದು ಗೊತ್ತಿಲ್ಲದೆ ಜನ ವಾರಕ್ಕೊಂದು ಸಲ ಔಷಧಿ ಹೊಡೀತಾರೆ, ಮಕ್ಕಳಿರೋ ಮನೇಲಿ ಅದು ಎಷ್ಟು ತಪ್ಪು.

ಹಾಗಾದ್ರೆ ಅಷ್ಟು ವಾರ ಏನ್ ಮಾಡೋದು? ದಿನಾ ವ್ಯಾಕ್ಯೂಮ್. ಸ್ಪ್ರೇಗಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ಅಂತ ನನಗೆ ಅನ್ಸುತ್ತೆ. ಮೆಷೀನ್ ಅದುರಿದ್ದಕ್ಕೆ ಗೂಡು ಒಡೆದು ಚಿಗಟ ಬೇಗ ಹೊರಗೆ ಬರುತ್ತೆ, ಬಂದಿದ್ದು ಔಷಧಿ ಇರೋ ನೂಲಿಗೆ ತಾಗಿ ಸಾಯುತ್ತೆ, ಇಲ್ಲಾಂದ್ರೆ ಮೆಷೀನ್ ಒಳಗೆ ಹೋಗುತ್ತೆ. ಸುತ್ತೋ ಬ್ರಷ್ ಇರೋ ಮೂತಿ ಹಾಕಿ, ಬರೀ ಪೈಪ್ ಸಾಲಲ್ಲ. ಒಂದೇ ಜಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ಎರಡೆರಡು ಸಲ. ವ್ಯಾಕ್ಯೂಮ್ ಮಾಡಿದ್ರೆ ಔಷಧಿನೂ ಹೋಗಿಬಿಡುತ್ತೆ ಅಂತ ನಾನು ಹೆದರಿದ್ದೆ, ಒಣಗಿದ ಮೇಲೆ ಹಾಗೆಲ್ಲಾ ಪೂರ್ತಿ ಹೋಗಲ್ಲ, ಶಾಂಪೂ ಹಾಕಿ ತೊಳೆದ್ರೆ ಮಾತ್ರ ಹೋಗುತ್ತೆ. ಇನ್ನೊಂದು ಹೆದರಿಕೆ, ಬ್ಯಾಗ್‌ನಿಂದ ಚಿಗಟ ವಾಪಸ್ ಬಂದ್ರೆ ಅಂತ. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಕೀಟ ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಹೇಳಿದಾರೆ, ವ್ಯಾಕ್ಯೂಮ್ ಒಳಗೆ ಹೋದ ದೊಡ್ಡ ಚಿಗಟದಲ್ಲಿ 96% ಸತ್ತವು, ಅವರು ಹಾಕಿ ನೋಡಿದ ಮರಿಗಳಂತೂ ಎಲ್ಲಾ ಸತ್ತವು ಅಂತ. ನಾನು ಆದ್ರೂ ಧೂಳನ್ನ ಕವರ್‌ಗೆ ಹಾಕಿ ಬಾಯಿ ಕಟ್ಟಿ ಹೊರಗಿನ ಕಸದ ಡಬ್ಬಿಗೇ ಹಾಕ್ತಿದ್ದೆ, ಮನಸ್ಸಿಗೆ ಸಮಾಧಾನ.

ರಾತ್ರಿ ಒಂದು ಅಗಲ ತಟ್ಟೇಲಿ ನೀರು, ಅದಕ್ಕೆ ಎರಡು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಮೇಲೆ ಒಂದು ಟೇಬಲ್ ಲ್ಯಾಂಪ್. ಬೆಳಿಗ್ಗೆ ಎಷ್ಟು ಬಿದ್ದಿವೆ ಅಂತ ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೀತಿದ್ದೆ. ಇದು ಚಿಗಟ ಖಾಲಿ ಮಾಡಲ್ಲ, ಲೆಕ್ಕ ಇಡೋಕೆ ಮಾತ್ರ. ಆದ್ರೆ ಆ ಲೆಕ್ಕ ಇಲ್ಲದಿದ್ರೆ ನಾನು ಮಧ್ಯದಲ್ಲೇ ಸೋತು ಬಿಡ್ತಿದ್ದೆ. ಹನ್ನೆರಡನೇ ದಿನ 14, ಅದೇ ಜಾಸ್ತಿ. ಹದಿನೆಂಟಕ್ಕೆ 6. ಇಪ್ಪತ್ತೈದಕ್ಕೆ 2. ಮೂವತ್ತೊಂದನೇ ದಿನದಿಂದ ಸೊನ್ನೆ, ಮಧ್ಯೆ ಒಂದು ದಿನ ಒಂದು ಬಿತ್ತು, ಆಮೇಲೆ ಇಲ್ಲ.

ನಾಝಲ್ ವಿಚಾರ ಬಾಕಿ ಇದೆ. ನೆಟ್ಟಗೆ ಹಿಡಿದ್ರೆ ಚೆನ್ನಾಗಿ ಬರುತ್ತೆ, ಸೋಫಾ ಅಡಿಗೆ ಹೊಡೆಯೋಕೆ ಅಂತ ಬಗ್ಗಿಸಿ ಹಿಡಿದ್ರೆ ಬರೀ ಗ್ಯಾಸ್ ಬಂದು ನಿಂತೋಗುತ್ತೆ, ಬೆರಳಿನ ಹತ್ತಿರ ಸೋರುತ್ತೆ ಬೇರೆ. ಮುಖ್ಯವಾಗಿ ಹೊಡೆಯಬೇಕಾದ ಜಾಗನೇ ಸೋಫಾ ಅಡಿ, ಅಲ್ಲಿಗೇ ಹೊಡೆಯೋಕಾಗಲ್ಲ ಅಂದ್ರೆ ಹೇಗೆ? ನಾವು ಕೊನೆಗೆ ಸೋಫಾನೇ ಮಗುಚಿ ಹಾಕಿ ಹೊಡೆದ್ವಿ. ಒಬ್ಬರೇ ಇರೋರಿಗೆ, ವಯಸ್ಸಾದವರಿಗೆ ಇದು ಆಗದ ಕೆಲಸ, ಅಂಥವರು ಪಂಪ್ ಹಾಕಿ ಹೊಡೆಯೋ ಬಾಟಲ್‌ನಲ್ಲಿ ಬರೋದನ್ನ ನೋಡಿ, ಔಷಧಿ ಅದೇ ಇರ್ಲಿ.

ನಾಯಿಗೆ ಮಾತ್ರೆ ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ಕೊಡ್ತಿದೀವಿ. ಹೊಟ್ಟೆಹುಳದ ಔಷಧಿನೂ ಕೊಡ್ಸಿದ್ವಿ, ಯಾಕಂದ್ರೆ ನಾಯಿ ಮೈ ಕಚ್ಕೊಳ್ಳುವಾಗ ಚಿಗಟ ನುಂಗಿಬಿಟ್ರೆ ಅದರಿಂದ ಲಾಡಿಹುಳ ಬರುತ್ತೆ. ಎರಡನೇ ಡಬ್ಬಿ ತರಲೇ ಇಲ್ಲ. ನಿನ್ನೆ ಮತ್ತೆ ಬಿಳಿ ಸಾಕ್ಸ್ ಹಾಕ್ಕೊಂಡು ಹತ್ತು ನಿಮಿಷ ಓಡಾಡಿದೆ, ಮಗಳು ನಂದೂ ಅಂತ ಅವಳ ಸಾಕ್ಸ್ ಹಾಕ್ಕೊಂಡು ಹಿಂದೆ ಹಿಂದೆ ಬಂದಳು, ಇಬ್ಬರ ಸಾಕ್ಸ್ ಮೇಲೂ ನಾಯಿ ಕೂದಲು ಬಿಟ್ರೆ ಏನೂ ಇರಲಿಲ್ಲ.