ಹಳೆಯ ವ್ಯಾನಿಗೆ ಹೀಟರ್ ಹಾಕಿಸುವ ಮುನ್ನ ಅದರ ನೆಲವನ್ನು ಬಿಚ್ಚಿಸಿ ನೋಡಿ

ಹಳೆಯ ಮಟಡೋರ್ ಒಂದನ್ನು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿ, ಮನೆಮಂದಿಯೊಂದಿಗೆ ದೂರದ ಊರುಗಳಿಗೆ ಹೋಗಿ ಬರುವ ಗಾಡಿಯನ್ನಾಗಿ ಮಾಡಿಕೊಳ್ಳಬೇಕೆಂಬ ಆಸೆ ಇರುವವರು ನಮ್ಮ ಚಿಕ್ಕಬಳ್ಳಾಪುರದ ಸುತ್ತಮುತ್ತ ನನಗೆ ಗೊತ್ತಿರುವಂತೆಯೇ ಕೆಲವರಿದ್ದಾರೆ. ಅವರಲ್ಲಿ ಯಾರಾದರೂ ಗಾಡಿಗೆ ಡೀಸೆಲ್ ಹೀಟರ್ ಹಾಕಿಸುವ ಯೋಚನೆಯಲ್ಲಿದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ ಮತ್ತು ತಮ್ಮನ ಮಗ ಅಂಥದೊಂದು ಹೀಟರಿನ ಹೊಗೆಗೆ ಸಿಕ್ಕಿಬಿದ್ದೆವು. ಹೀಟರಿನ ಯಂತ್ರ ಕೆಟ್ಟಿರಲಿಲ್ಲ. ಕೆಟ್ಟಿದ್ದು ಅದನ್ನು ಕೂಡಿಸಿದ ರೀತಿ ಮತ್ತು ಅದರ ಕೆಳಗಿದ್ದ ನೆಲ.

ನಮ್ಮದು ಬಜಾಜ್ ಟೆಂಪೊ ಕಂಪನಿಯವರು ತೊಂಬತ್ತರ ದಶಕದಲ್ಲಿ ಮಾಡಿದ ಗಾಡಿ. ನಮ್ಮ ಕೈಗೆ ಬರುವ ಮುನ್ನ ಅದು ವರ್ಷಾನುಗಟ್ಟಲೆ ಹೂವಿನ ಬಾಡಿಗೆ ಹೊಡೆದಿತ್ತು. ಸೇವಂತಿಗೆ, ಚೆಂಡುಹೂವಿನ ಮೂಟೆಗಳಿಗೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ಮಂಡಿಗೆ ಒಯ್ಯುವ ಗಾಡಿಗಳ ನೆಲ ಯಾವ ಸ್ಥಿತಿಯಲ್ಲಿರುತ್ತದೆಂಬುದು ಈ ಭಾಗದ ಟಿಂಕರಿಂಗ್ ಕೆಲಸದವರಿಗೆಲ್ಲ ಗೊತ್ತು. ಹೊರಗಿನಿಂದ ಬಣ್ಣ ಹೊಳೆಯುತ್ತಿದ್ದರೂ ನೆಲದ ತಗಡು ಏಣುಗಳ ಸಂದಿನಲ್ಲಿ ತುಕ್ಕು ತಿಂದು ಜರಡಿಯಾಗಿರುತ್ತದೆ. ಹೀಗಾಗಿ ಗ್ಯಾರೇಜಿನವರೊಂದಿಗೆ ಮಾತಾಡಿದಾಗ ನೆಲದ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು ಹೊಸದು ಹಾಕಬೇಕೆಂದು ಸ್ಪಷ್ಟವಾಗಿ ಹೇಳಿ, ಅಂದಾಜು ಪಟ್ಟಿಯಲ್ಲೂ ಅದನ್ನು ಬರೆಸಿದ್ದೆವು. ಬಾಡಿ, ಒಳಾಂಗಣ, ವೈರಿಂಗ್, ಹೀಟರ್ ಎಲ್ಲವನ್ನೂ ಒಂದೇ ಗ್ಯಾರೇಜು ಒಪ್ಪಿಕೊಂಡಿತ್ತು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಅದೊಂದೇ ಗ್ಯಾರೇಜನ್ನು ಬಿಟ್ಟು ಮುಂದೆ ಹೋದರೆ ಅಪಾಯ ತಪ್ಪುತ್ತದೆ ಎನ್ನುವಂತಿಲ್ಲ.

ಚಿಕ್ಕಬಳ್ಳಾಪುರದ ಚಳಿಗೆ ಹೀಟರ್ ಬೇಕೇ ಎಂದು ಕೇಳುವವರಿದ್ದಾರೆ. 1478 ಮೀಟರ್ ಎತ್ತರದ ನಂದಿಯಲ್ಲೂ ಎರಡು ಕಂಬಳಿಯಿದ್ದರೆ ರಾತ್ರಿ ಕಳೆಯಬಹುದು, ನಿಜ. ನಮ್ಮ ಗುರಿ ಇದ್ದದ್ದು ಲಡಾಖ್. ಅಲ್ಲಿಗೆ ಹೊರಡುವ ಮುನ್ನ ಇಲ್ಲೇ ಹತ್ತಿರದಲ್ಲಿ ಒಂದು ರಾತ್ರಿ ಎಲ್ಲವನ್ನೂ ಪರೀಕ್ಷಿಸಿ ನೋಡೋಣವೆಂದು ನಂದಿ ತಪ್ಪಲಿನಲ್ಲಿರುವ ಪರಿಚಯಸ್ಥರೊಬ್ಬರ ಹಿಪ್ಪುನೇರಳೆ ತೋಟದಲ್ಲಿ ಗಾಡಿ ನಿಲ್ಲಿಸಿದ್ದೆವು.

ಈ ಹೀಟರ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದುಕೊಂಡರೆ ಮುಂದಿನದು ಅರ್ಥವಾಗುತ್ತದೆ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪ್ಯಾಷರ್ ಕಂಪನಿಗಳ ಹೀಟರುಗಳಾಗಲಿ, ಅವುಗಳ ಮಾದರಿಯಲ್ಲೇ ಚೀನಾದಿಂದ ಬರುವ ಅಗ್ಗದ ಹೀಟರುಗಳಾಗಲಿ, ಎಲ್ಲದರ ಒಳಗೂ ಪರಸ್ಪರ ಬೆರೆಯಬಾರದ ಎರಡು ಗಾಳಿದಾರಿಗಳಿರುತ್ತವೆ. ಒಂದು ದಾರಿ ಗಾಡಿಯ ಹೊರಗಿನಿಂದ ಗಾಳಿ ಎಳೆದು, ಮುಚ್ಚಿದ ಕೋಣೆಯಲ್ಲಿ ಡೀಸೆಲ್ ಉರಿಸಿ, ಹೊಗೆಯನ್ನು ಕೊಳವೆಯ ಮೂಲಕ ಮತ್ತೆ ಹೊರಗೇ ಬಿಡುತ್ತದೆ. ಇನ್ನೊಂದು ದಾರಿ ಗಾಡಿಯೊಳಗಿನ ಗಾಳಿಯನ್ನು ಫ್ಯಾನಿನಿಂದ ಎಳೆದುಕೊಂಡು, ಆ ಕೋಣೆಯ ಹೊರಮೈಯಲ್ಲಿರುವ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹಾಯಿಸಿ, ಬೆಚ್ಚಗೆ ಮಾಡಿ ಒಳಕ್ಕೇ ಊದುತ್ತದೆ. ಈ ಎರಡು ದಾರಿಗಳು ಬೇರೆಬೇರೆಯಾಗಿ ಇರುವವರೆಗೆ ಹೀಟರ್ ಸುರಕ್ಷಿತ. ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದ ಲೇಹ್‌ನಂಥ ಊರಿನಲ್ಲಿ ಗಾಳಿ ಮೂರನೇ ಒಂದು ಭಾಗದಷ್ಟು ತೆಳುವಾಗಿರುವುದರಿಂದ ಡೀಸೆಲ್ ಸರಿಯಾಗಿ ಉರಿಯದೆ ಮಸಿಯೂ ವಿಷಾನಿಲವೂ ಇನ್ನಷ್ಟು ಹೆಚ್ಚುತ್ತವೆ. ಇದೇ ಗಾಡಿಯಲ್ಲಿ ನಾವು ಅಲ್ಲಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದರೆ ಈಗಲೂ ನನಗೆ ನಿದ್ದೆ ಹತ್ತುವುದಿಲ್ಲ.

ಹೀಟರ್ ಹಚ್ಚಿದಾಗಿನಿಂದಲೂ ಸಣ್ಣಗೆ ಹೊಗೆಯ ವಾಸನೆ ಇತ್ತು. ಗಾಡಿ ಕೈಗೆ ಕೊಡುವ ದಿನವೇ ಅದನ್ನು ಕೇಳಿದ್ದಕ್ಕೆ, “ಹೊಸದಲ್ವಾ ಸಾರ್, ನಾಲ್ಕು ದಿನ ವಾಸ್ನೆ ಇರುತ್ತೆ, ಆಮೇಲೆ ತಾನೇ ಹೋಗುತ್ತೆ” ಎಂದಿದ್ದರು. ಹೊಸ ಹೀಟರಿನ ಲೋಹಕ್ಕೆ ಅಂಟಿದ ಎಣ್ಣೆ ಮೊದಮೊದಲು ಸುಟ್ಟು ವಾಸನೆ ಬರುವುದುಂಟು. ಆದರೆ ಸುಟ್ಟ ಡೀಸೆಲಿನ ವಾಸನೆ ಗಾಡಿಯೊಳಗೆ ಎಂದೂ ಬರಕೂಡದು, ಮೊದಲ ದಿನವೂ ಬರಕೂಡದು. ಈ ವ್ಯತ್ಯಾಸವನ್ನು ಗಿರಾಕಿಗೆ ಹೇಳಬೇಕಾದವರು ಹೇಳಲಿಲ್ಲ.

ಕೆಳಗಿನ ಮಂಚದಲ್ಲಿ ಮಲಗಿದ್ದ ಹುಡುಗ ನಡುರಾತ್ರಿ ದಾಟಿದ ಮೇಲೆ ಎದ್ದು ತಲೆನೋವೆಂದು ಅತ್ತ, ಆಮೇಲೆ ವಾಂತಿ ಮಾಡಿಕೊಂಡ. ರಾತ್ರಿ ಹಿತಕಿದ ಅವರೆಬೇಳೆ ಸಾರು ಹೆಚ್ಚಾಗಿ ಉಂಡಿದ್ದರಿಂದ ಅದೇ ಕಾರಣವೆಂದುಕೊಂಡು ಅವನನ್ನು ಹೊರಗೆ ಕರೆದೊಯ್ದೆವು. ತಣ್ಣನೆಯ ಗಾಳಿಗೆ ಸ್ವಲ್ಪ ಹೊತ್ತಿನಲ್ಲೇ ಅವನಿಗೆ ಹಗುರವಾಯಿತು. ಒಳಗೆ ತಂದು ಮಲಗಿಸಿದರೆ ಮತ್ತೆ ಅದೇ ಸಂಕಟ. ಅಷ್ಟರಲ್ಲಿ ನನ್ನ ಹೆಂಡತಿಗೂ ಹಣೆ ಒಡೆಯುವಂಥ ನೋವು, ನನಗೆ ಎದ್ದು ನಿಂತರೆ ಕಾಲು ಸ್ಥಿಮಿತದಲ್ಲಿಲ್ಲ. ಅದೇ ಸಾರು ಉಂಡ ತೋಟದ ಮನೆಯವರು ಆರಾಮವಾಗಿದ್ದರು. ಹೊರಗೆ ಬಂದರೆ ಹಗುರ, ಒಳಗೆ ಹೋದರೆ ನೋವು, ಒಂದೇ ಕಡೆ ಮಲಗಿದವರಿಗೆಲ್ಲ ಒಂದೇ ಬಗೆಯ ತೊಂದರೆ: ಈ ಲಕ್ಷಣಗಳನ್ನು ಕಂಡರೆ ಹೊಟ್ಟೆಯ ಕಡೆಗಲ್ಲ, ಹೊಗೆಯ ಕಡೆಗೆ ಗಮನ ಹೋಗಬೇಕು.

ಇನ್ನೊಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ಬಿನ್ನವಿಸುತ್ತೇನೆ. ಕೊರೊನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮ ಗಾಡಿಯಲ್ಲಿತ್ತು. ಹುಡುಗನ ಬೆರಳಿಗೆ ಹಾಕಿದರೆ 98 ತೋರಿಸಿತು. ಆ ಸಂಖ್ಯೆಯನ್ನು ನಂಬಿ ಅವನನ್ನು ಒಳಗೇ ಮಲಗಿಸಿಕೊಂಡಿದ್ದರೆ ಬೆಳಗಿನ ಹೊತ್ತಿಗೆ ಏನಾಗುತ್ತಿತ್ತೋ ಹೇಳಲಾರೆ. ಡೀಸೆಲ್, ಗ್ಯಾಸ್, ಇದ್ದಿಲು ಯಾವುದೇ ಆಗಲಿ, ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವನ್ನೂ ಬೇರೆಯೆಂದು ಗುರುತಿಸುವ ಶಕ್ತಿ ಸಾಮಾನ್ಯ ಆಕ್ಸಿಮೀಟರಿಗೆ ಇಲ್ಲ. ಹೀಗಾಗಿ ಮನುಷ್ಯ ಉಸಿರುಗಟ್ಟುತ್ತಿರುವಾಗಲೂ ಅದು ಎಲ್ಲ ಸರಿಯಿದೆ ಎಂದೇ ತೋರಿಸಬಲ್ಲದು. ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿದ್ದ ವೈದ್ಯೆ ಕೇಳಿದ ಮೊದಲ ಪ್ರಶ್ನೆ, “ಕೆಂಡ ಇಟ್ಟುಕೊಂಡು ಮಲಗಿದ್ದಿರಾ?” ಎಂಬುದೇ. ಹೀಟರಿನ ಮಾತು ಕೇಳಿದೊಡನೆ ಮೂವರಿಗೂ ಮಾಸ್ಕಿನಲ್ಲಿ ಆಮ್ಲಜನಕ ಕೊಡಿಸಿದರು. ಬರಿಯ ಗಾಳಿ ಸೇವಿಸುತ್ತಿದ್ದರೆ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು, ಒಂದೂವರೆ ಗಂಟೆ ಸಾಕು. ಆ ವೈದ್ಯೆಗೆ ನಮ್ಮ ಮನೆಯವರೆಲ್ಲರೂ ಋಣಿಗಳು.

ಆಮೇಲೆ ಗಾಡಿಯನ್ನು ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ ಒಯ್ದು ಮಂಚದ ಕೆಳಗಿನ ಪೆಟ್ಟಿಗೆಯನ್ನೂ ನೆಲದ ಪ್ಲೈವುಡ್ಡನ್ನೂ ಬಿಚ್ಚಿಸಿದೆವು. ನೆಲದ ತಗಡನ್ನು ಬದಲಿಸಿಯೇ ಇರಲಿಲ್ಲ. ಹಳೆಯ ತುಕ್ಕಿನ ಮೇಲೆ ಕಪ್ಪು ಬಣ್ಣ ಬಳಿದು, ಅಲ್ಲಲ್ಲಿ ಪುಟ್ಟಿ ಮೆತ್ತಿ, ಅದರ ಮೇಲೆ ಪ್ಲೈವುಡ್ ಹೊಡೆದು, ಒಳ್ಳೆಯ ಮರದ ಗೆರೆಗಳ ವಿನೈಲ್ ಹಾಸಿ ಮುಚ್ಚಿದ್ದರು. ಹೆಬ್ಬೆರಳು ತೂರುವಷ್ಟು ದೊಡ್ಡ ತೂತುಗಳಿದ್ದವು. ಮೆಕ್ಯಾನಿಕ್ ಪ್ಲೈವುಡ್ ಹಲಗೆಯನ್ನು ಮಗುಚಿ ತೋರಿಸಿದಾಗ, ಅದರ ಅಡಿಮೈಯಲ್ಲಿ ಪ್ರತಿಯೊಂದು ತೂತಿನ ಆಕಾರವೂ ಮಸಿಯಲ್ಲಿ ಅಚ್ಚಾಗಿತ್ತು, ಅಂಚಿನಿಂದ ಹೊರಕ್ಕೆ ಗರಿಗರಿಯಾಗಿ ಹರಡಿತ್ತು. ಹೀಟರಿನ ಹೊಗೆಕೊಳವೆಯನ್ನು ಗಾಡಿಯ ಅಂಚಿನವರೆಗೆ ಒಯ್ಯದೆ ಹೊಟ್ಟೆಯಡಿ ನಟ್ಟನಡುವೆಯೇ ಬಿಟ್ಟಿದ್ದರು. ಅದಕ್ಕಿಂತ ಘೋರವಾದದ್ದು ಇನ್ನೊಂದು. ಬೆಚ್ಚಗೆ ಮಾಡಲು ಒಳಗಿನ ಗಾಳಿ ಎಳೆಯುವ ಬಾಯಿ ಮಂಚದ ಪೆಟ್ಟಿಗೆಯೊಳಗೇ ಇತ್ತು, ಆ ಪೆಟ್ಟಿಗೆಗೆ ಕೋಣೆಯ ಕಡೆಯಿಂದ ಗಾಳಿ ಬರಲು ಒಂದು ಜಾಲರಿಯನ್ನೂ ಬಿಟ್ಟಿರಲಿಲ್ಲ. ಫ್ಯಾನಿಗೆ ಎಲ್ಲಿಂದಾದರೂ ಗಾಳಿ ಬೇಕೇ ಬೇಕು. ಅದು ನೆಲದ ತೂತುಗಳಿಂದಲೇ ಎಳೆಯಿತು, ಕೆಳಗೆ ನಿಂತಿದ್ದ ತನ್ನದೇ ಹೊಗೆಯನ್ನು ಬೆಚ್ಚಗೆ ಮಾಡಿ ಮಗುವಿನ ಮುಖಕ್ಕೆ ಊದಿತು. ಎರಡು ಕಿಟಕಿಗಳನ್ನು ಬೆರಳಗಲ ತೆರೆದಿಟ್ಟಿದ್ದೆವು, ಹೀಗೆ ಎಳೆದು ಊದುವ ವ್ಯವಸ್ಥೆಯ ಮುಂದೆ ಅದು ಸಾಲಲಿಲ್ಲ.

ಇದನ್ನೆಲ್ಲ ಫೋಟೊ ಸಹಿತ ಗ್ಯಾರೇಜಿನವರ ಮುಂದಿಟ್ಟಾಗ ಬಂದ ಉತ್ತರ, ಕಿಟಕಿ ಪೂರ್ತಿ ತೆರೆದು ಮಲಗಬೇಕಿತ್ತು ಎಂಬುದು. ಕೊಳವೆ ಉದ್ದ ಮಾಡಿಕೊಡುತ್ತೇವೆ ಎಂದರು. ನೆಲದ ಕೆಲಸಕ್ಕೆ ತೆಗೆದುಕೊಂಡ ಹಣದ ಮಾತನ್ನು ಎತ್ತಲೇ ಇಲ್ಲ. ಒಂದು ಮಗುವಿನ ಜೀವಕ್ಕೆ ಸಂಬಂಧಿಸಿದ ಕೆಲಸದಲ್ಲಿ ಈ ಬಗೆಯ ಉಡಾಫೆ ನನ್ನನ್ನು ಹಣ ಹೋದದ್ದಕ್ಕಿಂತ ಹೆಚ್ಚು ನೋಯಿಸಿತು. ಗಾಡಿಯ ಮೂಲ ರಚನೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು. “ಅದೆಲ್ಲ ಏನೂ ಬೇಡ” ಎನ್ನುವ ಗ್ಯಾರೇಜಿನಲ್ಲಿ ಉಳಿದ ಕೆಲಸವೂ ಅದೇ ಧೋರಣೆಯಲ್ಲಿ ನಡೆಯುತ್ತದೆಂದು ತಿಳಿಯಬಹುದು.

ಡೀಸೆಲ್ ಹೀಟರಿನ ಸಹವಾಸವೇ ಬೇಡವೆಂದು ನಮಗೆ ಸಲಹೆ ಕೊಟ್ಟವರೂ ಇದ್ದಾರೆ. ಒಬ್ಬರು ಕೋಳಿ ಫಾರಂನಲ್ಲಿ ಮರಿಗಳಿಗೆ ಹಚ್ಚುವ ಗ್ಯಾಸ್ ಬ್ರೂಡರನ್ನು ಮಾಡಿಗೆ ತೂಗುಹಾಕಿ ಎಂದರು. ಇನ್ನೊಬ್ಬರು ಶಿಡ್ಲಘಟ್ಟದ ಕಡೆ ಚಳಿಗಾಲದಲ್ಲಿ ರೇಷ್ಮೆ ಸಾಕುವ ಹುಳುಮನೆಗೆ ಇಡುವಂತೆ ಕೆಂಡದ ಬಾಂಡಲಿ ಇಡಿ ಎಂದರು. ಈ ಎರಡನ್ನೂ ದಯವಿಟ್ಟು ಮಾಡಬೇಡಿ. ಇವುಗಳಿಗೆ ಹೊಗೆಕೊಳವೆಯೇ ಇಲ್ಲ, ಉರಿದದ್ದೆಲ್ಲ ಒಳಗೇ ಉಳಿಯುತ್ತದೆ. ಕೋಳಿ ಶೆಡ್ಡು, ಹುಳುಮನೆಗಳು ವಿಶಾಲವಾಗಿರುತ್ತವೆ, ಅಲ್ಲಿ ಯಾರೂ ಬಾಗಿಲು ಹಾಕಿಕೊಂಡು ರಾತ್ರಿಯಿಡೀ ಮಲಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿದವರು ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಇದರ ಜೊತೆಗೆ ಒಂದು ಕಿಲೊ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೊಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅದು ರಾತ್ರಿಯ ಚಳಿಗೆ ತಗಡಿನ ಮೇಲೆ ಬೆವರಿನಂತೆ ಇಳಿದು, ಕಷ್ಟಪಟ್ಟು ಸರಿಪಡಿಸಿದ ಬಾಡಿಗೆ ಮತ್ತೆ ತುಕ್ಕು ಹತ್ತಿಸುತ್ತದೆ. ಹೋದ ಕಡೆ ಮನೆಯ ಪ್ಲಗ್ಗು ಸಿಗುವುದಾದರೆ ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರಿಗಿಂತ ನೆಮ್ಮದಿಯ ಸಾಧನವಿಲ್ಲ. ಬ್ಯಾಟರಿಯಿಂದ ಮಾತ್ರ ಅದನ್ನು ನಡೆಸಲಾಗದು: 12 ವೋಲ್ಟಿನಲ್ಲಿ 1500 ವ್ಯಾಟಿನ ಹೀಟರ್ 125 ಆಂಪಿಯರ್ ಎಳೆಯುತ್ತದೆ, ನೂರು ಆಂಪಿಯರ್-ಅವರಿನ ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ.

ಆದ್ದರಿಂದ ದೂರದ ಚಳಿನಾಡಿಗೆ ಹೋಗುವವರಿಗೆ ಸರಿಯಾಗಿ ಕೂಡಿಸಿದ ಡೀಸೆಲ್ ಹೀಟರೇ ಉಳಿಯುವ ದಾರಿ. ಮಟಡೋರಿನಷ್ಟು ದೊಡ್ಡ ಗಾಡಿಗೆ, ಗೋಡೆಗಳಿಗೆ ಇನ್ಸುಲೇಷನ್ ಹಾಕಿಸಿದ್ದರೆ, 2 ಕಿಲೊವ್ಯಾಟಿನದು ಸಾಕು. “ಅದೇ ರೇಟಿಗೆ 5 ಕಿಲೊವ್ಯಾಟ್ ಕೊಡ್ತೀವಿ” ಎಂಬ ಮಾತಿಗೆ ಮರುಳಾಗಬಾರದು, ಏಕೆಂದರೆ ದೊಡ್ಡ ಹೀಟರನ್ನು ಸದಾ ಸಣ್ಣ ಉರಿಯಲ್ಲಿ ನಡೆಸಿದರೆ ಒಳಗೆ ಮಸಿ ಕಟ್ಟುತ್ತದೆ. ನೆಲದ ತಗಡು ಹಾಕಿ ಮುಗಿದ ಮೇಲೆ, ಪ್ಲೈವುಡ್ ಹೊಡೆಯುವ ಮುನ್ನ, ನೀವೇ ಹೋಗಿ ನೋಡಿ. ಒಬ್ಬರು ಗಾಡಿಯ ಕೆಳಗಿನಿಂದ ಟಾರ್ಚ್ ಬಿಡಲಿ, ಇನ್ನೊಬ್ಬರು ಬಾಗಿಲು ಕಿಟಕಿ ಮುಚ್ಚಿ ಒಳಗೆ ಕತ್ತಲಲ್ಲಿ ಕೂರಲಿ. ಎಲ್ಲಾದರೂ ಬೆಳಕು ಕಂಡರೆ ಅಲ್ಲಿಂದ ಹೊಗೆಯೂ ಬರುತ್ತದೆ. ಇಂಜಿನ್ ಮುಚ್ಚಳದ ರಬ್ಬರನ್ನೂ ಆಗಲೇ ಬದಲಿಸಿಬಿಡಿ. ಹೊಗೆಕೊಳವೆಯ ಒಂದು ಕೀಲೂ ಗಾಡಿಯೊಳಗೆ ಇರಬಾರದು. ಅದರ ತುದಿ ಬಾಗಿಲು, ಕಿಟಕಿ ಮತ್ತು ಉರಿಗೆ ಗಾಳಿ ಎಳೆಯುವ ಕೊಳವೆಗಳಿಂದ ದೂರವಾಗಿ, ಗಾಡಿಯ ಅಂಚನ್ನು ದಾಟಿ ಹೊರಗೆ ತೆರೆದುಕೊಳ್ಳಬೇಕು. ಆ ತುದಿ ಬೆಂಕಿಯಷ್ಟು ಬಿಸಿಯಾಗುವುದರಿಂದ ರಾಗಿ ಹುಲ್ಲಿನ ಮೆದೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಲೇಬಾರದು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಯಾವ ಹೀಟರನ್ನೂ ಹಚ್ಚಬೇಡಿ. ಅಡುಗೆ ಅನಿಲದ ಸೋರಿಕೆ ಹಿಡಿಯುವ ಅಲಾರಂ ಬೇರೆ, ಹೊಗೆ ಹಿಡಿಯುವುದು ಬೇರೆ, ಇವೆರಡೂ ಈ ಅನಿಲವನ್ನು ಗುರುತಿಸುವುದಿಲ್ಲ; ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಟ್ಟಾರು. ಕ್ಯಾಂಪರ್ ಗಾಡಿ ಮತ್ತು ದೋಣಿಗಳಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 50291-2 ಎಂದು ಬರೆದಿರುವುದನ್ನು ನೋಡಿ ಕೊಳ್ಳಿ. ಅಂಥ ಅಲಾರಂ ಗಾಳಿಯಲ್ಲಿ ಈ ಅನಿಲ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಇದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೂ, 300 ಪಿಪಿಎಂ ಮುಟ್ಟಿದರೆ ಮೂರು ನಿಮಿಷದೊಳಗೂ ಕೂಗಬೇಕು. ಮಲಗಿದವರ ತಲೆಯ ಮಟ್ಟಕ್ಕೆ ಅದನ್ನು ಕೂಡಿಸಿ. ಅದು ಕೂಗಿದರೆ ಕಾರಣ ಹುಡುಕುತ್ತ ಒಳಗೆ ನಿಲ್ಲದೆ, ಮೊದಲು ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಹೊರಗೆ ಬಂದು 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋದೊಡನೆ ಹೀಟರಿನ ಹೊಗೆ ಕುಡಿದಿದ್ದೇವೆ ಎಂದು ನೀವಾಗಿಯೇ ಹೇಳಿ, ಬೆರಳಿನ ಆಕ್ಸಿಮೀಟರ್ ಎಷ್ಟೇ ತೋರಿಸಿದರೂ ರಕ್ತಪರೀಕ್ಷೆ ಮಾಡಿ ಆಮ್ಲಜನಕ ಕೊಡುವಂತೆ ಕೇಳಿಕೊಳ್ಳಿ.