ದೊಡ್ಡ ಅಕ್ಷರದ ಸತ್ಯವೇದ ಕೊಳ್ಳಬಹುದಾ?

ಬೈಬಲ್ ಸೊಸೈಟಿ ಆಫ್ ಇಂಡಿಯಾದ ದೊಡ್ಡ ಅಕ್ಷರದ ಕನ್ನಡ ಸತ್ಯವೇದ ತಗೊಳ್ಳಲಾ ಬೇಡವಾ ಅಂತ ಯೋಚಿಸುತ್ತಿದ್ದರೆ ತಗೊಳ್ಳಿ.

ನಾವು ತಂದಿದ್ದು ಅಮ್ಮನಿಗೆ. ಕಣ್ಣು ಮಂಜಾಗಿ ಹಳೆಯ ಪ್ರತಿಯ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಇದರಲ್ಲಿ ಒತ್ತಕ್ಷರಗಳು ಮೆತ್ತಿಕೊಂಡಿಲ್ಲ, 'ದ್ದ' ಯಾವುದು 'ದ್ಧ' ಯಾವುದು ಅಂತ ಕನ್ನಡಕ ಸರಿಮಾಡಿಕೊಳ್ಳದೆ ಗೊತ್ತಾಗುತ್ತದೆ. ತೂಕ ಇದೆ, ತೊಡೆ ಮೇಲೆ ದಿಂಬು ಇಟ್ಟುಕೊಂಡರೆ ಸಲೀಸು. ಊಟ ಆದಮೇಲೆ ಸ್ವಲ್ಪ ಹೊತ್ತು ಅವರೇ ಓದುತ್ತಾರೆ, ಕಣ್ಣು ಸೋತಾಗ "ನೀನು ಓದಪ್ಪ" ಅಂತ ನನ್ನ ಕಡೆ ತಳ್ಳುತ್ತಾರೆ.

ಹಾಗೆ ಗಟ್ಟಿಯಾಗಿ ಓದುತ್ತಾ ಓದುತ್ತಾ ನಾನೇ ಬದಲಾದೆ. ಚಿಕ್ಕಂದಿನಿಂದ ಚರ್ಚಿಗೆ ಹೋದವನು, ಎಷ್ಟೋ ವಾಕ್ಯ ಬಾಯಿಪಾಠ. ಆದರೆ ಒಂದು ಪುಸ್ತಕವನ್ನು ಕೂತು ಪೂರ್ತಿ ಓದಿದಾಗ ಸಿಗುವುದೇ ಬೇರೆ. ಸತ್ಯವೇದದೊಳಗಿನ ಹಬಕ್ಕೂಕ ಪ್ರವಾದಿಯ ಪುಸ್ತಕ ನೋಡಿ, ಮೂರೇ ಅಧ್ಯಾಯ. ಎಷ್ಟು ಕಾಲ ಕೂಗಬೇಕು, ಯಾಕೆ ಕೇಳಿಸಿಕೊಳ್ಳುತ್ತಿಲ್ಲ ಅಂತ ದೇವರ ಹತ್ತಿರ ದೂರು ಹೇಳಿಕೊಂಡೇ ಪ್ರವಾದಿ ಶುರುಮಾಡುತ್ತಾನೆ. ಕೊನೆಗೆ ಬಂದರೆ, ಅಂಜೂರ ಚಿಗುರದಿದ್ದರೂ ದ್ರಾಕ್ಷಿ ಬಿಡದಿದ್ದರೂ ಹೊಲದಲ್ಲಿ ಬೆಳೆಯೇ ಇಲ್ಲದಿದ್ದರೂ ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ.

ಕೋಲಾರದಲ್ಲಿ ಟೊಮೆಟೊ ಬೆಳೆಯುವವನಿಗೆ ಇದು ಎಲ್ಲಿ ತಾಕುತ್ತದೆ ಅಂತ ಬಿಡಿಸಿ ಹೇಳಬೇಕಾ? 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು, ಇನ್ನೊಂದು ಸಲ ಹಣ್ಣು ಕೀಳಿಸಿದ ಕೂಲಿಯೂ ಹುಟ್ಟುವುದಿಲ್ಲ. ಮೊದಲೆಲ್ಲಾ ರೇಟು ಬಿದ್ದ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಸಾಲ ಈಗಲೂ ಇದೆ, ಆದರೆ ಪ್ರಾರ್ಥನೆ ಮಾಡಿ ಮಲಗಿದರೆ ನಿದ್ದೆ ಬರುತ್ತದೆ. ಪ್ರಾರ್ಥನೆಯಲ್ಲಿ ಕೇಳುವುದೂ ಬೇರೆಯಾಗಿದೆ. ಮೊದಲು ಬರೀ ಒಳ್ಳೆ ರೇಟು, ಈಗ ಪಕ್ಕದ ತೋಟದವರ ಹೆಸರೂ ಬರುತ್ತದೆ. ಬದುವಿನ ವಿಷಯಕ್ಕೆ ಅವರ ಮನೆಗೂ ನಮ್ಮ ಮನೆಗೂ ಮಾತು ನಿಂತುಹೋಗಿತ್ತು, ಈಗ ಬೋರ್‌ವೆಲ್ ಹತ್ತಿರ ಸಿಕ್ಕಿದರೆ ನಿಂತು ಮಾತಾಡುತ್ತೇವೆ. ಅಮ್ಮನಿಗೆ ಅದೇ ದೊಡ್ಡ ಸಮಾಧಾನ.

ಭಾಷೆ ಹಳೆಯ ಶೈಲಿಯದು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಅನುವಾದದ ಕೆಲಸದಿಂದ 1831ರಲ್ಲೇ ಕನ್ನಡಕ್ಕೆ ಪೂರ್ತಿ ಸತ್ಯವೇದ ಬಂದಿತ್ತು, ಆ ಕಾಲದ ಗತ್ತು ಇದರಲ್ಲೂ ಉಳಿದಿದೆ ಅನಿಸುತ್ತದೆ. ಗಟ್ಟಿಯಾಗಿ ಓದಿದರೆ ಕಿವಿಗೆ ಬಹಳ ಚೆನ್ನ. ಮಕ್ಕಳಿಗೆ ಮಾತ್ರ ಪಕ್ಕದಲ್ಲಿ ಕೂತು ಹೇಳಿಕೊಡಬೇಕು.

ಹೊಸದಾಗಿ ಓದುವವರು ಆದಿಕಾಂಡದಿಂದ ಹೊರಟು ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಲ್ಲಿಸಿಬಿಡುತ್ತಾರೆ. ಮಾರ್ಕನ ಸುವಾರ್ತೆ 16 ಅಧ್ಯಾಯ ಅಷ್ಟೆ, ಅಲ್ಲಿಂದ ಶುರುಮಾಡಿ.